ಮನೆ ಯಾರದು? ಚಾರ್ಲ್ಸ್‌ಟನ್ ನಗರದ ಹಳೆಯ ಮಹಲುಗಳ ಇತಿಹಾಸ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಮನೆ ಕಟ್ಟಿಸುವವನ ಕಷ್ಟವನ್ನು ಈ ಗಾದೆ ಚೆನ್ನಾಗಿ ಹೇಳುತ್ತದೆ. ಆದರೆ ಕಲ್ಲು ಹೊತ್ತವನು, ಇಟ್ಟಿಗೆ ಸುಟ್ಟವನು, ಮರ ಕೊಯ್ದವನು, ಆ ಮನೆಯ ಒಲೆಯ ಮುಂದೆ ಆಯುಷ್ಯ ಕಳೆದವಳು, ಇವರ ಕಷ್ಟವನ್ನು ಹೇಳುವ ಗಾದೆ ಕಡಿಮೆ. ಇತಿಹಾಸ ಓದುವ ವಿದ್ಯಾರ್ಥಿಗಳು ಇಂಥವರ ಗುರುತನ್ನು ಹುಡುಕುವುದನ್ನು ಕಲಿಯಬೇಕು. ಅದಕ್ಕೆ ಒಳ್ಳೆಯ ಪಾಠವಾಗಬಲ್ಲ ಒಂದು ಊರು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಕರಾವಳಿಯಲ್ಲಿದೆ. ಅದು ಸೌತ್ ಕೆರೋಲಿನಾ ರಾಜ್ಯದ ಬಂದರು ನಗರ ಚಾರ್ಲ್ಸ್‌ಟನ್.

ಈ ನಗರದಲ್ಲಿ ಬ್ರಾಡ್ ಸ್ಟ್ರೀಟ್ ಎಂಬ ಹಳೆಯ ಬೀದಿ ಇದೆ. ಅದರ ದಕ್ಷಿಣಕ್ಕೆ, ಸಮುದ್ರದ ಕಡೆಗೆ ಇರುವ ಬಡಾವಣೆಗೆ ‘ಸೌತ್ ಆಫ್ ಬ್ರಾಡ್’ ಎಂದೇ ಹೆಸರು. ಇನ್ನೂರು, ಇನ್ನೂರೈವತ್ತು ವರ್ಷ ಹಳೆಯ ಮನೆಗಳು ಇಲ್ಲಿ ಸಾಲುಸಾಲಾಗಿ ನಿಂತಿವೆ. ಇವು ಆಗಾಗ ಮಾರಾಟಕ್ಕೆ ಬರುತ್ತವೆ. ಸಾಧಾರಣವಾದ ಮನೆಗೂ ಹಲವು ದಶಲಕ್ಷ ಡಾಲರ್ ಬೆಲೆ. ದೊಡ್ಡ ಮಹಲುಗಳಲ್ಲಿ ಕೆಲವು ಈಚಿನ ವರ್ಷಗಳಲ್ಲಿ ಒಂದು ಕೋಟಿ ಡಾಲರಿಗೂ ಮೀರಿ ಮಾರಾಟವಾಗಿವೆ. ನಮ್ಮ ಲೆಕ್ಕದಲ್ಲಿ ಅದು ಎಂಬತ್ತು ಕೋಟಿ ರೂಪಾಯಿಗೂ ಹೆಚ್ಚು. ಮಾರಾಟದ ಪ್ರಕಟಣೆಯಲ್ಲಿ ಮನೆ ಕಟ್ಟಿಸಿದ ವರ್ಷ, ಮೊದಲ ಯಜಮಾನನ ಹೆಸರು, ಛಾವಣಿಯ ಎತ್ತರ, ಅಗ್ಗಿಷ್ಟಿಕೆಗಳ ಸಂಖ್ಯೆ ಎಲ್ಲ ಇರುತ್ತದೆ. ಹಿತ್ತಲಿನಲ್ಲಿರುವ ಸಣ್ಣ ಕಟ್ಟಡವನ್ನು ‘ಗಾಡಿಮನೆ’ ಎಂದೋ ‘ಅಡುಗೆಮನೆ’ ಎಂದೋ ‘ಅತಿಥಿಗೃಹ’ ಎಂದೋ ಬರೆದಿರುತ್ತಾರೆ. ಈ ಮೂರು ಪದಗಳ ಹಿಂದೆ ಅಡಗಿರುವ ಚರಿತ್ರೆಯೇ ಈ ಲೇಖನದ ವಿಷಯ.

ಊರು ಹುಟ್ಟಿದ ಬಗೆ

ಇಂಗ್ಲೆಂಡಿನ ವಲಸೆಗಾರರು 1670ರಲ್ಲಿ ಆಶ್ಲಿ ನದಿಯ ಪಶ್ಚಿಮ ದಂಡೆಯಲ್ಲಿ ಮೊದಲು ನೆಲೆ ಊರಿದರು. ಹತ್ತು ವರ್ಷಗಳ ನಂತರ, 1680ರಲ್ಲಿ, ಆಶ್ಲಿ ಮತ್ತು ಕೂಪರ್ ನದಿಗಳ ನಡುವೆ ನಾಲಿಗೆಯಂತೆ ಚಾಚಿಕೊಂಡಿರುವ ಭೂಭಾಗಕ್ಕೆ ಊರನ್ನು ಸ್ಥಳಾಂತರಿಸಿದರು. ಎರಡನೆಯ ಚಾರ್ಲ್ಸ್ ದೊರೆಯ ನೆನಪಿಗೆ ಅದಕ್ಕೆ ಚಾರ್ಲ್ಸ್ ಟೌನ್ ಎಂದು ಹೆಸರಾಯಿತು. ಅಮೆರಿಕ ಸ್ವತಂತ್ರವಾದ ಮೇಲೆ 1783ರಲ್ಲಿ ಅದು ಚಾರ್ಲ್ಸ್‌ಟನ್ ಆಯಿತು. 1790ರ ಜನಗಣತಿಯಲ್ಲಿ ಇಲ್ಲಿದ್ದವರು 16,359 ಮಂದಿ. ಇಂದು ಇದು ಸಣ್ಣ ಸಂಖ್ಯೆ, ಆದರೆ ಅಂದು ಇಡೀ ದೇಶದಲ್ಲಿ ಇದು ನಾಲ್ಕನೆಯ ದೊಡ್ಡ ನಗರ. ಆ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಗುಲಾಮರು.

ಇಲ್ಲಿನ ಮನೆಗಳ ರಚನೆ ವಿಶಿಷ್ಟವಾದುದು. ‘ಸಿಂಗಲ್ ಹೌಸ್’ ಎಂದು ಕರೆಯುವ ಮನೆ ಬೀದಿಗೆ ತನ್ನ ಅಗಲ ಕಡಿಮೆಯಿರುವ ಮಗ್ಗುಲನ್ನು ತೋರಿಸಿ ನಿಲ್ಲುತ್ತದೆ. ಬೀದಿಯಿಂದ ನೋಡಿದರೆ ಒಂದೇ ಕೋಣೆಯಷ್ಟು ಅಗಲ, ಒಳಗೆ ಹಿಂದಕ್ಕೆ ಉದ್ದಕ್ಕೆ ಹೋಗುತ್ತದೆ. ದಕ್ಷಿಣಕ್ಕೋ ಪಶ್ಚಿಮಕ್ಕೋ ಮಹಡಿ ಮಹಡಿಗೂ ಉದ್ದನೆಯ ಜಗಲಿ ಇರುತ್ತದೆ. ಅದನ್ನು ಅಲ್ಲಿಯವರು ‘ಪಿಯಾಝಾ’ ಎನ್ನುತ್ತಾರೆ. ಬೀದಿಗೆ ತೆರೆಯುವ ಬಾಗಿಲು ನೇರವಾಗಿ ಮನೆಯೊಳಗೆ ಹೋಗುವುದಿಲ್ಲ, ಈ ಜಗಲಿಗೆ ಹೋಗುತ್ತದೆ. ಮನೆಯ ನಿಜವಾದ ಬಾಗಿಲು ಜಗಲಿಯ ನಡುವೆ ಇರುತ್ತದೆ. ಸೆಕೆಯ ಊರಿನಲ್ಲಿ ಸಮುದ್ರದ ಗಾಳಿಯನ್ನು ಹಿಡಿದು ಕೋಣೆಗಳಿಗೆ ಹಂಚಲು ಹೂಡಿದ ಉಪಾಯ ಇದು. ಗಾಳಿ, ನೆರಳು, ಮರ್ಯಾದೆ ಮೂರನ್ನೂ ನೋಡಿಕೊಂಡ ಈ ಕಟ್ಟಡ ಕಲೆ ಮೆಚ್ಚತಕ್ಕದ್ದೇ. ಆದರೆ ಹಿತ್ತಲನ್ನು ನೋಡದೆ ಮೆಚ್ಚಿ ಮುಗಿಸಬಾರದು.

ಹಣ ಬಂದದ್ದು ಎಲ್ಲಿಂದ?

ಇಷ್ಟು ಮನೆಗಳನ್ನು ಕಟ್ಟಿಸಲು ಹಣ ಕೊಟ್ಟದ್ದು ಮುಖ್ಯವಾಗಿ ಭತ್ತ. ನಗರದ ಸುತ್ತಲಿನ ಜವುಗು ನೆಲದಲ್ಲಿ ‘ಕೆರೋಲಿನಾ ಗೋಲ್ಡ್’ ಎಂಬ ಅಕ್ಕಿ ಬೆಳೆದು ಯೂರೋಪಿಗೆ ಹೋಗುತ್ತಿತ್ತು. ನದಿಗಳಲ್ಲಿ ಉಬ್ಬರ ಬಂದಾಗ ಮೇಲೇರುವ ಸಿಹಿನೀರನ್ನು ಗದ್ದೆಗೆ ಬಿಟ್ಟುಕೊಂಡು, ಇಳಿತದಲ್ಲಿ ಹೊರಗೆ ಬಿಡುವ ಬೇಸಾಯ ಅದು. ಅದಕ್ಕೆ ಮೈಲಿಗಟ್ಟಲೆ ಒಡ್ಡು ಕಟ್ಟಬೇಕು, ಕಾಲುವೆ ತೋಡಬೇಕು, ಮರದ ತೂಬುಗಳನ್ನು ಕೂರಿಸಬೇಕು. ಇಂಗ್ಲೆಂಡಿನಿಂದ ಬಂದವರಿಗೆ ಭತ್ತದ ಬೇಸಾಯ ಗೊತ್ತಿರಲಿಲ್ಲ. ಪಶ್ಚಿಮ ಆಫ್ರಿಕದ ಸೆನೆಗಾಂಬಿಯಾ, ಸಿಯೆರಾ ಲಿಯೋನ್ ಕಡೆಯ ಜನರಿಗೆ ತಲೆತಲಾಂತರದಿಂದ ಗೊತ್ತಿತ್ತು. ಅವರನ್ನು ಹಿಡಿದು ತಂದಾಗ ಅವರ ತೋಳಿನ ಶಕ್ತಿಯ ಜೊತೆಗೆ ತಲೆಯಲ್ಲಿದ್ದ ವಿದ್ಯೆಯೂ ಬಂತು ಎಂದು ಅನೇಕ ಇತಿಹಾಸಕಾರರು ತೋರಿಸಿದ್ದಾರೆ.

ಭತ್ತದ ನಂತರ ನೀಲಿ. ಎಲಿಜಾ ಲೂಕಸ್ ಎಂಬ ಯುವತಿ 1740ರ ದಶಕದಲ್ಲಿ ತನ್ನ ತಂದೆಯ ತೋಟದಲ್ಲಿ ನೀಲಿಗಿಡ ಬೆಳೆಸಿ ಯಶಸ್ಸು ಕಂಡಳು. ಕೆಲವೇ ವರ್ಷಗಳಲ್ಲಿ ಅದು ದೊಡ್ಡ ರಫ್ತಿನ ಸರಕಾಯಿತು. ಅಲ್ಲಿಯೂ ಗಿಡ ಕೊಯ್ದು, ತೊಟ್ಟಿಯಲ್ಲಿ ಕೊಳೆಹಾಕಿ, ದುರ್ವಾಸನೆಯ ನಡುವೆ ನಿಂತು ಬಣ್ಣ ತೆಗೆದವರು ಗುಲಾಮರೇ.

ಮೂರನೆಯ ವ್ಯಾಪಾರ ಮನುಷ್ಯರದು. ಇಂದಿನ ಅಮೆರಿಕದ ನೆಲಕ್ಕೆ ಆಫ್ರಿಕದಿಂದ ಸೆರೆಯಾಗಿ ಬಂದವರಲ್ಲಿ ಸುಮಾರು ನೂರಕ್ಕೆ ನಲವತ್ತು ಮಂದಿ ಚಾರ್ಲ್ಸ್‌ಟನ್ ಬಂದರಿನ ಮೂಲಕವೇ ಬಂದರೆಂದು ಅಂದಾಜಿಸಲಾಗಿದೆ. ಹೊರದೇಶಗಳಿಂದ ಗುಲಾಮರನ್ನು ತರುವುದು 1808ರಿಂದ ಇಡೀ ದೇಶದಲ್ಲಿ ನಿಷೇಧವಾಗಲಿದೆ ಎಂದು ತಿಳಿದಾಗ ವ್ಯಾಪಾರಿಗಳು ಅವಸರ ಮಾಡಿದರು. 1803ರ ಕೊನೆಯಿಂದ 1807ರ ಕೊನೆಯವರೆಗಿನ ನಾಲ್ಕೇ ವರ್ಷಗಳಲ್ಲಿ ಸುಮಾರು 40 ಸಾವಿರ ಜನರನ್ನು ಇಲ್ಲಿಗೆ ತಂದು ಇಳಿಸಿದರು. ಕೊನೆಯ ಎರಡು ವರ್ಷಗಳಲ್ಲಿ ಅವರನ್ನು ಇಳಿಸಿ ಮಾರುತ್ತಿದ್ದ ಜಾಗ ಗ್ಯಾಡ್ಸ್‌ಡೆನ್ ಎಂಬ ವರ್ತಕನ ಹಡಗುಕಟ್ಟೆ. ಕ್ರಯಪತ್ರಗಳಲ್ಲಿ ಈ ಜನರ ಹೆಸರುಗಳೂ ಇವೆ, ಕೊಂಡವರ ಸಾಲಿನಲ್ಲಿ ಅಲ್ಲ, ಕೊಂಡ ಸರಕಿನ ಸಾಲಿನಲ್ಲಿ.

ಹಿತ್ತಲಿನ ಜನ

ಈಗ ಮಾರಾಟದ ಪ್ರಕಟಣೆಯ ‘ಅಡುಗೆಮನೆ’ಗೆ ಬರೋಣ. ಬೆಂಕಿಯ ಭಯಕ್ಕೂ ಸೆಕೆಗೂ ಅಡುಗೆಮನೆಯನ್ನು ಮುಖ್ಯ ಮನೆಯಿಂದ ಬೇರೆ ಕಟ್ಟುತ್ತಿದ್ದರು. ಕೆಳಗೆ ಎರಡು ಕೋಣೆ. ಒಂದರಲ್ಲಿ ಅಡುಗೆಯ ಒಲೆ, ಇನ್ನೊಂದರಲ್ಲಿ ಬಟ್ಟೆ ಒಗೆಯಲು ನೀರು ಕಾಯಿಸುವ ಒಲೆ. ಮೇಲೆ ಗುಲಾಮರು ಮಲಗುವ ಸಣ್ಣ ಕೋಣೆಗಳು. ಬೇಸಿಗೆಯಲ್ಲೂ ಕೆಳಗಿನ ಒಲೆ ಆರುತ್ತಿರಲಿಲ್ಲವಾದ್ದರಿಂದ ಆ ಕೋಣೆಗಳ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ‘ಗಾಡಿಮನೆ’ಯಲ್ಲಿ ಕೆಳಗೆ ಕುದುರೆ ಮತ್ತು ಸಾರೋಟು, ಮೇಲೆ ಸಾರೋಟು ಹೊಡೆಯುವವರು. ಇಡೀ ಹಿತ್ತಲಿಗೆ ಎತ್ತರದ ಇಟ್ಟಿಗೆಯ ಗೋಡೆ. ಹೊರಗೆ ಹೋಗಬೇಕಾದರೆ ಯಜಮಾನನ ಮನೆಯ ಪಕ್ಕದಲ್ಲೇ ಹಾದು ಹೋಗಬೇಕು. ರಾತ್ರಿ ಮೆತ್ತನೆಯ ಮಂಚದ ಮೇಲೆ ಮಲಗಿದವರಿಗೂ ಅಡುಗೆಮನೆಯ ಅಟ್ಟದಲ್ಲಿ ಮಲಗಿದವರಿಗೂ ನಡುವೆ ಇದ್ದದ್ದು ಕೆಲವೇ ಗಜಗಳ ಅಂತರ.

ಬಡಗಿಗಳು, ಗಾರೆಯವರು, ಕಮ್ಮಾರರು, ದರ್ಜಿಗಳಾಗಿ ಪಳಗಿದ ಗುಲಾಮರನ್ನು ಯಜಮಾನರು ಬೇರೆಯವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಅಂಥವರು ಕುತ್ತಿಗೆಗೋ ಬಟ್ಟೆಗೋ ತಾಮ್ರದ ಬಿಲ್ಲೆ ಹಾಕಿಕೊಳ್ಳಬೇಕಿತ್ತು. ಬಿಲ್ಲೆಯ ಮೇಲೆ ಊರಿನ ಹೆಸರು, ಕಸುಬು, ಸಂಖ್ಯೆ, ವರ್ಷ ಇರುತ್ತಿತ್ತು, ಮನುಷ್ಯನ ಹೆಸರು ಮಾತ್ರ ಇರುತ್ತಿರಲಿಲ್ಲ. ಇಂಥ ಬಿಲ್ಲೆಗಳು ಇಂದಿಗೂ ಹಿತ್ತಲು ಅಗೆಯುವಾಗ ಸಿಗುತ್ತವೆ. ಹಳೆಯ ಇಟ್ಟಿಗೆಗಳಲ್ಲಿ ಕೆಲವದರ ಮೇಲೆ ಬೆರಳಚ್ಚು ಮೂಡಿರುವುದನ್ನೂ ಅಲ್ಲಿ ಕಾಣಬಹುದು. ಹಸಿ ಇಟ್ಟಿಗೆಯನ್ನು ಅಚ್ಚಿನಿಂದ ತೆಗೆದ ಕೈಗಳ ಗುರುತು ಅದು. ಕೆಲವು ಗುರುತುಗಳು ಮಕ್ಕಳ ಬೆರಳಿನಷ್ಟು ಚಿಕ್ಕವು.

ಈ ಬಾಳನ್ನು ಎಲ್ಲರೂ ತಲೆತಗ್ಗಿಸಿ ಒಪ್ಪಿಕೊಂಡಿರಲಿಲ್ಲ. ಡೆನ್ಮಾರ್ಕ್ ವೆಸಿ ಎಂಬ ಬಡಗಿ 1799ರಲ್ಲಿ ಲಾಟರಿಯಲ್ಲಿ ಬಂದ ಹಣದಿಂದ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡಿದ್ದ. ಗುಲಾಮರ ದೊಡ್ಡ ದಂಗೆಗೆ ಸಂಚು ಮಾಡಿದ ಆರೋಪದ ಮೇಲೆ ಅವನನ್ನು 1822ರ ಜುಲೈ 2ರಂದು ಗಲ್ಲಿಗೇರಿಸಿದರು. ಆ ಮೊಕದ್ದಮೆಯಲ್ಲಿ ಒಟ್ಟು 35 ಜನರಿಗೆ ಗಲ್ಲಾಯಿತು. ಶ್ರೀಮಂತರಿಗೆ ನಿದ್ದೆ ಹಾರಿಹೋಯಿತು. ಕಿಂಗ್ ಸ್ಟ್ರೀಟಿನ 27ನೆಯ ನಂಬರಿನ ಮೈಲ್ಸ್ ಬ್ರೂಟನ್ ಮಹಲಿನ ಮುಂದಿನ ಕಬ್ಬಿಣದ ಬೇಲಿಯ ಮೇಲೆ ಈಟಿಯಂಥ ಮುಳ್ಳುಗಳ ಸಾಲು ಇದೆ. ಅದನ್ನು ಈ ಭಯದ ದಿನಗಳಲ್ಲೇ ಕೂರಿಸಿದ್ದೆಂದು ಹೇಳುತ್ತಾರೆ. ಇಂದು ಪ್ರವಾಸಿಗರು ಅದರ ಚಂದಕ್ಕೆ ಫೋಟೋ ತೆಗೆದುಕೊಳ್ಳುತ್ತಾರೆ.

ನಮ್ಮ ನಾಡಿನ ಚರಿತ್ರೆಗೆ ಬಂದ ಇಬ್ಬರು

ಈ ಬ್ರೂಟನ್ ಮಹಲಿಗೂ ನಮಗೂ ಒಂದು ದೂರದ ನಂಟಿದೆ. ಮೈಲ್ಸ್ ಬ್ರೂಟನ್ ಗುಲಾಮರ ವ್ಯಾಪಾರದಲ್ಲಿ ಸಂಪಾದಿಸಿದ ಹಣದಿಂದ 1760ರ ದಶಕದಲ್ಲಿ ಈ ಮನೆ ಕಟ್ಟಿಸಿದ. 1775ರಲ್ಲಿ ಸಂಸಾರ ಸಮೇತ ಸಮುದ್ರದಲ್ಲಿ ಮುಳುಗಿ ಸತ್ತ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರು 1780ರ ಮೇ 12ರಂದು ಚಾರ್ಲ್ಸ್‌ಟನ್ ಹಿಡಿದಾಗ ಇದೇ ಮಹಲು ಅವರ ಸೇನೆಯ ಮುಖ್ಯ ಠಾಣೆಯಾಯಿತು. ಅಲ್ಲಿಂದ ದಕ್ಷಿಣದ ದಂಡಯಾತ್ರೆ ನಡೆಸಿದವರಲ್ಲಿ ಇಬ್ಬರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇದೆ.

ಒಬ್ಬ ಲಾರ್ಡ್ ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಈತ ಐದು ವರ್ಷಗಳಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರ ಅರ್ಧ ರಾಜ್ಯವನ್ನೂ, ಒತ್ತೆಯಾಗಿ ಅವರ ಇಬ್ಬರು ಗಂಡುಮಕ್ಕಳನ್ನೂ ತೆಗೆದುಕೊಂಡವನು ಇವನೇ. ಇನ್ನೊಬ್ಬ ಲಾರ್ಡ್ ರಾಡನ್. ಮುಂದೆ ಮಾರ್ಕ್ವಿಸ್ ಆಫ್ ಹೇಸ್ಟಿಂಗ್ಸ್ ಎಂಬ ಬಿರುದು ಪಡೆದ ಇವನೇ 1813ರಿಂದ 1823ರವರೆಗೆ ಗವರ್ನರ್ ಜನರಲ್ ಆಗಿದ್ದ. ಇವನ ಕಾಲದಲ್ಲೇ ಪೇಶ್ವೆಯ ಆಡಳಿತ ಮುಗಿದು ಧಾರವಾಡದ ಕಡೆಯ ಪ್ರದೇಶಗಳು ಕಂಪನಿಯ ಕೈಗೆ ಬಂದವು. ಚಾರ್ಲ್ಸ್‌ಟನ್ನಿನ ಒಂದು ಪಡಸಾಲೆಯಲ್ಲಿ ಓಡಾಡಿದ ಬೂಟುಗಳು ಕನ್ನಡ ನಾಡಿನ ಭಾಗ್ಯವನ್ನೂ ತುಳಿದವು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಪಾಠಗಳು ಬೇರೆ ಬೇರೆ ಇದ್ದರೂ ಚರಿತ್ರೆ ಒಂದೇ.

ಅಕ್ಷರಕ್ಕೆ ಬೀಗ

ಶಿಕ್ಷಣವನ್ನೇ ಧ್ಯೇಯವಾಗಿಟ್ಟುಕೊಂಡ ನಮ್ಮಂಥವರಿಗೆ ಈ ಊರಿನ ಚರಿತ್ರೆಯಲ್ಲಿ ಅತ್ಯಂತ ಮುಖ್ಯವಾದ ಭಾಗ ಇದು. 1739ರಲ್ಲಿ ಚಾರ್ಲ್ಸ್‌ಟನ್ ಸಮೀಪದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆ ಎದ್ದರು. ಅದನ್ನು ಅಡಗಿಸಿದ ಮೇಲೆ 1740ರಲ್ಲಿ ಒಂದು ಕಠಿಣ ಕಾನೂನು ಬಂತು. ಗುಲಾಮರಿಗೆ ಬರೆಯಲು ಕಲಿಸಿದವರಿಗೆ 100 ಪೌಂಡ್ ದಂಡ ಎಂದು ಅದರಲ್ಲಿ ವಿಧಿಸಲಾಯಿತು. 1834ರಲ್ಲಿ ಇನ್ನೊಂದು ಕಾನೂನು ಓದಲು ಕಲಿಸುವುದನ್ನೂ ನಿಷೇಧಿಸಿತು. ಕತ್ತಿ, ಬಂದೂಕುಗಳಿಗೆ ಹೆದರುವಂತೆಯೇ ಆ ಸರ್ಕಾರ ಅಕ್ಷರಕ್ಕೂ ಹೆದರಿತು.

ಆದರೆ ಅಕ್ಷರ ಗೋಡೆಯ ಸಂದಿಯಲ್ಲೂ ಬೇರು ಬಿಡುತ್ತದೆ. ಮೀಟಿಂಗ್ ಸ್ಟ್ರೀಟಿನ 51ನೆಯ ನಂಬರಿನಲ್ಲಿ ನಥಾನಿಯೆಲ್ ರಸೆಲ್ ಎಂಬ ವರ್ತಕ 1808ರಲ್ಲಿ ಕಟ್ಟಿಸಿದ ಮಹಲಿದೆ. ಆಧಾರವೇ ಇಲ್ಲದಂತೆ ಸುರುಳಿಯಾಗಿ ಮೇಲೇರುವ ಅದರ ಮೆಟ್ಟಿಲು ಲೋಕಪ್ರಸಿದ್ಧ. ಅದರ ಹಿಂದಿನ ಅಡುಗೆಮನೆ ಕಟ್ಟಡವನ್ನು ಈಚಿನ ವರ್ಷಗಳಲ್ಲಿ ತಜ್ಞರು ಬಿಚ್ಚಿ ಪರೀಕ್ಷಿಸಿದಾಗ, ಗೋಡೆಗಳ ಒಳಗೆ ಇಲಿಗಳ ಹಳೆಯ ಗೂಡುಗಳು ಸಿಕ್ಕವು. ಇಲಿಗಳು ಎಳೆದು ತಂದು ಸೇರಿಸಿದ ಬಟ್ಟೆಯ ಚೂರು, ಸೂಜಿ, ಗುಂಡಿಗಳ ನಡುವೆ ಅಕ್ಷರ ಕಲಿಸುವ ಪುಸ್ತಕದ ಹರಿದ ತುಣುಕೂ ಇತ್ತು. ಕಾನೂನು ಬಾಗಿಲಲ್ಲಿ ಕಾವಲು ನಿಂತಿದ್ದಾಗ ಒಲೆಯ ಬೆಳಕಿನಲ್ಲಿ ಯಾರೋ ಅಕ್ಷರ ತಿದ್ದುತ್ತಿದ್ದಿರಬಹುದು. ಆ ಮೆಟ್ಟಿಲಿಗಿಂತ ಈ ಹರಿದ ಕಾಗದ ದೊಡ್ಡದು ಎಂದು ನನ್ನ ಅನಿಸಿಕೆ.

ಕೆಲವರು ಅಕ್ಷರವನ್ನು ಜೊತೆಯಲ್ಲೇ ತಂದಿದ್ದರು. ಉಮರ್ ಇಬ್ನ್ ಸಈದ್ ಅಂಥವರು. ಇಂದಿನ ಸೆನೆಗಲ್ ದೇಶದ ಫೂಟಾ ತೋರೊ ಪ್ರಾಂತದಲ್ಲಿ 1770ರ ಸುಮಾರಿಗೆ ಹುಟ್ಟಿದ ಇವರು ಇಪ್ಪತ್ತೈದು ವರ್ಷ ಉಸ್ತಾದರ ಬಳಿ ವಿದ್ಯಾಭ್ಯಾಸ ಮಾಡಿದ್ದ ವಿದ್ವಾಂಸರು. 1807ರಲ್ಲಿ ಸೆರೆಸಿಕ್ಕಿ, ಒಂದೂವರೆ ತಿಂಗಳ ಸಮುದ್ರಯಾನದ ನಂತರ ಚಾರ್ಲ್ಸ್‌ಟನ್ನಿನಲ್ಲಿ ಮಾರಾಟವಾದರು. ವರ್ಷವನ್ನು ನೋಡಿದರೆ ಗ್ಯಾಡ್ಸ್‌ಡೆನ್ ಕಟ್ಟೆಯಲ್ಲೇ ಅವರು ಇಳಿದಿರುವ ಸಾಧ್ಯತೆ ಹೆಚ್ಚು. ಕ್ರೂರಿಯಾದ ಯಜಮಾನನಿಂದ ತಪ್ಪಿಸಿಕೊಂಡು ನಾರ್ತ್ ಕೆರೋಲಿನಾಕ್ಕೆ ಓಡಿಹೋದರು. ಅಲ್ಲಿ ಹಿಡಿದು ಸೆರೆಮನೆಗೆ ಹಾಕಿದಾಗ ಗೋಡೆಯ ಮೇಲೆ ಅರಬ್ಬಿಯಲ್ಲಿ ಬರೆದರೆಂದು ಹೇಳಲಾಗುತ್ತದೆ. ನೋಡಿದವರು ಬೆರಗಾದರು. ಆದರೂ ಬಿಡುಗಡೆ ಸಿಗಲಿಲ್ಲ, ಇನ್ನೊಬ್ಬ ಯಜಮಾನ ಸಿಕ್ಕಿದ. ಮುಂದೆ ಅವರು ಕ್ರೈಸ್ತ ದೀಕ್ಷೆ ಪಡೆದರೆಂದು ಚರ್ಚಿನ ದಾಖಲೆ ಹೇಳುತ್ತದೆ. ಅವರ ಮನದೊಳಗಿನ ವಿಶ್ವಾಸದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ.

1831ರಲ್ಲಿ ಅವರು ತಮ್ಮ ಆತ್ಮಕಥೆಯನ್ನು ಅರಬ್ಬಿಯಲ್ಲಿ ಬರೆದರು. ಅಮೆರಿಕದಲ್ಲಿ ಗುಲಾಮರಾಗಿದ್ದವರು ಅರಬ್ಬಿಯಲ್ಲಿ ಬರೆದ ಆತ್ಮಕಥೆಗಳಲ್ಲಿ ಇಂದು ಉಳಿದಿರುವುದು ಇದೊಂದೇ ಎಂದು ತಿಳಿದುಬಂದಿದೆ. ಯಜಮಾನರಾರಿಗೂ ಆ ಭಾಷೆ ಬಾರದಿದ್ದುದರಿಂದ ಅದನ್ನು ತಿದ್ದುವ ಕೈ ನಡುವೆ ಬರಲಿಲ್ಲ. ಆ ಹಸ್ತಪ್ರತಿ 2017ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. ಅವರ ಬದುಕನ್ನು ಆಧರಿಸಿದ ‘ಒಮರ್’ ಎಂಬ ಸಂಗೀತ ನಾಟಕ 2022ರಲ್ಲಿ ಚಾರ್ಲ್ಸ್‌ಟನ್ನಿನಲ್ಲೇ ಮೊದಲ ಪ್ರದರ್ಶನ ಕಂಡು, 2023ರಲ್ಲಿ ಪುಲಿಟ್ಜರ್ ಬಹುಮಾನ ಪಡೆಯಿತು. ಮಾರಾಟವಾದ ಊರಿಗೆ ಅವರ ಹೆಸರು ಮರ್ಯಾದೆಯಿಂದ ಮರಳಿ ಬರಲು 215 ವರ್ಷ ಬೇಕಾಯಿತು.

ಗುಲಾಮಗಿರಿ ಮುಗಿದ ಮೇಲೆ ಕಪ್ಪು ಜನರು ಮೊದಲು ಕೇಳಿದ್ದು ಶಾಲೆಯನ್ನು. ಯುದ್ಧ ಮುಗಿದ 1865ರಲ್ಲೇ ಚಾರ್ಲ್ಸ್‌ಟನ್ನಿನಲ್ಲಿ ಆರಂಭವಾದ ಶಾಲೆ ಮುಂದೆ ಏವರಿ ಇನ್‌ಸ್ಟಿಟ್ಯೂಟ್ ಎಂದು ಹೆಸರಾಗಿ ನೂರಾರು ಶಿಕ್ಷಕರನ್ನು ತಯಾರು ಮಾಡಿತು. ಅಲ್ಲಿ ಓದಿದ ಸೆಪ್ಟಿಮಾ ಕ್ಲಾರ್ಕ್ ಅವರ ತಂದೆ ಗುಲಾಮರಾಗಿ ಹುಟ್ಟಿದವರು. ನಲವತ್ತು ವರ್ಷ ಪಾಠ ಹೇಳಿದ ಈ ಶಿಕ್ಷಕಿಯನ್ನು, ನಾಗರಿಕ ಹಕ್ಕುಗಳ ಸಂಘಟನೆಯ ಸದಸ್ಯತ್ವ ಬಿಡಲು ಒಪ್ಪದ ಕಾರಣಕ್ಕೆ 1956ರಲ್ಲಿ ಕೆಲಸದಿಂದ ತೆಗೆದರು. ಮರುವರ್ಷವೇ ಸಮೀಪದ ಜಾನ್ಸ್ ದ್ವೀಪದಲ್ಲಿ ವಯಸ್ಕರಿಗೆ ಅಕ್ಷರ ಕಲಿಸಿ ಮತದಾನದ ಹಕ್ಕಿಗೆ ಅಣಿಗೊಳಿಸುವ ಶಾಲೆ ಆರಂಭವಾಯಿತು. ಅದರ ಹಿಂದಿನ ಶಕ್ತಿಗಳಲ್ಲಿ ಅವರೂ ಒಬ್ಬರು.

ಬಡತನ ಉಳಿಸಿದ ಊರು

ಇಷ್ಟು ಹಳೆಯ ಮನೆಗಳು ಹೇಗೆ ಉಳಿದವು? ಉತ್ತರ ವಿಚಿತ್ರವಾಗಿದೆ. ಊರು ಬಡವಾದದ್ದರಿಂದ ಉಳಿದವು.

ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡು 1861ರ ಏಪ್ರಿಲ್ 12ರಂದು ಇದೇ ಬಂದರಿನ ಸಮ್ಟರ್ ಕೋಟೆಯ ಮೇಲೆ ಹಾರಿತು. ಸಮುದ್ರದಂಡೆಯ ಮಹಲುಗಳ ಮಾಳಿಗೆಯಲ್ಲಿ ನಿಂತು ಜನ ಅದನ್ನು ಉತ್ಸವದಂತೆ ನೋಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಬೆಂಕಿ ಊರಿನ ಒಂದು ಭಾಗವನ್ನೇ ನುಂಗಿತು. 1863ರಿಂದ ಫಿರಂಗಿಯ ಗುಂಡುಗಳು ನಗರದ ದಕ್ಷಿಣ ಭಾಗದ ಮೇಲೆ ಬಿದ್ದವು. ಯುದ್ಧ ಮುಗಿದಾಗ ಗುಲಾಮಗಿರಿ ಹೋಯಿತು, ಅದರ ಮೇಲೆ ನಿಂತಿದ್ದ ಸಂಪತ್ತೂ ಹೋಯಿತು. 1886ರ ಆಗಸ್ಟ್ 31ರ ಭೂಕಂಪದಲ್ಲಿ ಸುಮಾರು 60 ಜನ ಸತ್ತರು, ಇಟ್ಟಿಗೆಯ ಮನೆಗಳಲ್ಲಿ ಬಹುತೇಕ ಬಿರುಕುಬಿಟ್ಟವು. ಗೋಡೆಯಿಂದ ಗೋಡೆಗೆ ಕಬ್ಬಿಣದ ಸಲಾಕೆ ಹಾಯಿಸಿ, ಹೊರಗೆ ಬಿಲ್ಲೆ ಕೊಟ್ಟು ಬಿಗಿದು ಮನೆಗಳನ್ನು ನಿಲ್ಲಿಸಿದರು. ಆ ಬಿಲ್ಲೆಗಳು ಇಂದಿಗೂ ಗೋಡೆಗಳ ಮೇಲೆ ಕಾಣುತ್ತವೆ. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ಹಣವಿರಲಿಲ್ಲ. ಬೇರೆ ನಗರಗಳು ಹಳೆಯ ಮನೆಗಳನ್ನು ನೆಲಸಮ ಮಾಡುತ್ತಿದ್ದಾಗ ಚಾರ್ಲ್ಸ್‌ಟನ್ ಸೋರುವ ಛಾವಣಿಯ ಕೆಳಗೇ ಕಾಲ ಹಾಕಿತು.

1920ರ ದಶಕದಲ್ಲಿ ಮೋಟಾರು ಕಾರುಗಳು ಬಂದವು. ಪೆಟ್ರೋಲ್ ಬಂಕುಗಳಿಗಾಗಿ ಹಳೆಯ ಮನೆಗಳು ಉರುಳತೊಡಗಿದವು. ಕೆತ್ತನೆಯ ಮರಗೆಲಸವನ್ನು ಬಿಚ್ಚಿ ಹೊರಗಿನ ಶ್ರೀಮಂತರಿಗೂ ವಸ್ತುಸಂಗ್ರಹಾಲಯಗಳಿಗೂ ಮಾರಲಾಯಿತು. ಇದನ್ನು ತಡೆಯಲು ಮುಂದೆ ಬಂದವರು ಸೂಸನ್ ಪ್ರಿಂಗಲ್ ಫ್ರಾಸ್ಟ್ ಎಂಬ ಮಹಿಳೆ. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಇವರು ಮನೆಗಳ ಮಾರಾಟದ ವ್ಯವಹಾರವನ್ನೂ ಮಾಡುತ್ತಿದ್ದರು. 1920ರಲ್ಲಿ ಹಳೆಯ ಮನೆಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. 1931ರಲ್ಲಿ ನಗರಾಡಳಿತ ಸುಮಾರು 138 ಎಕರೆ ಪ್ರದೇಶವನ್ನು ‘ಹಳೆಯ ಐತಿಹಾಸಿಕ ವಲಯ’ವೆಂದು ಗುರುತಿಸಿ, ಅಲ್ಲಿನ ಕಟ್ಟಡಗಳ ಹೊರನೋಟವನ್ನು ಬದಲಿಸಲು ಒಂದು ಮಂಡಳಿಯ ಒಪ್ಪಿಗೆ ಬೇಕೆಂದು ಕಾನೂನು ಮಾಡಿತು. ಅಮೆರಿಕದಲ್ಲಿ ಇಂಥ ಕಾನೂನು ಅದೇ ಮೊದಲು. ಅದೇ ವರ್ಷ ಡೊರೊಥಿ ಲೆಗ್ ಎಂಬವರು ಈಸ್ಟ್ ಬೇ ಸ್ಟ್ರೀಟಿನ ಹಾಳುಬಿದ್ದ ಮನೆಯೊಂದನ್ನು ಕೊಂಡು ಗುಲಾಬಿ ಬಣ್ಣ ಬಳಿಸಿದರು. ಅಕ್ಕಪಕ್ಕದವರೂ ಒಂದೊಂದು ತಿಳಿಬಣ್ಣ ಬಳಿಸಿದರು. ಇಂದು ‘ರೇನ್‌ಬೋ ರೋ’ ಎಂದು ಹೆಸರಾದ 13 ಮನೆಗಳ ಸಾಲು ಹೀಗೆ ರೂಪುಗೊಂಡಿತು.

ಉಳಿದ ಗೋಡೆ, ಹೋದ ಜನ

ಈ ರಕ್ಷಣೆಯ ಕೆಲಸವನ್ನು ಹೊಗಳಲೇಬೇಕು. ಆದರೆ ಅದರ ಇನ್ನೊಂದು ಮುಖವೂ ಇದೆ. ಬಡತನದ ಆ ಅರವತ್ತು ಎಪ್ಪತ್ತು ವರ್ಷ ಹಳೆಯ ಮಹಲುಗಳ ಹಲವು ಕೋಣೆಗಳಲ್ಲಿ, ಓಣಿಗಳಲ್ಲಿ, ಹಿಂದಿನ ಗುಲಾಮರ ಮಕ್ಕಳು ಮೊಮ್ಮಕ್ಕಳು ಬಾಡಿಗೆಗೆ ಬಾಳುತ್ತಿದ್ದರು. ಚರ್ಚ್ ಸ್ಟ್ರೀಟಿನ 89 ಮತ್ತು 91ನೆಯ ಮನೆಗಳಿಗೆ ‘ಕ್ಯಾಬೇಜ್ ರೋ’ ಎಂದು ಹೆಸರು ಬಂದದ್ದು, ಅಲ್ಲಿದ್ದ ಕಪ್ಪು ಕುಟುಂಬಗಳು ಕಿಟಕಿಯ ಕಟ್ಟೆಯ ಮೇಲೆ ಎಲೆಕೋಸು ಇಟ್ಟು ಮಾರುತ್ತಿದ್ದರಿಂದ. ಪಕ್ಕದ 87ನೆಯ ನಂಬರಿನ ಮನೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಥಾಮಸ್ ಹೇವರ್ಡ್ ಅವರದು. ಅದೇ ವಂಶದ ಡ್ಯೂಬೋಸ್ ಹೇವರ್ಡ್ ಈ ಓಣಿಯ ಬದುಕನ್ನು ನೋಡಿ 1925ರಲ್ಲಿ ‘ಪೋರ್ಗಿ’ ಎಂಬ ಕಾದಂಬರಿ ಬರೆದರು. ಅದರಿಂದ ಹುಟ್ಟಿದ 1935ರ ‘ಪೋರ್ಗಿ ಅಂಡ್ ಬೆಸ್’ ಸಂಗೀತ ನಾಟಕ ಜಗತ್ತನ್ನೇ ಸುತ್ತಿತು. ಕಥೆ ಲೋಕಪ್ರಸಿದ್ಧವಾಗುವ ಹೊತ್ತಿಗೆ ಕಥೆಯ ಜನ ಅಲ್ಲಿರಲಿಲ್ಲ. ಮನೆಗಳು ದುರಸ್ತಿಯಾದವು, ಬಾಡಿಗೆಯವರು ಖಾಲಿ ಮಾಡಿದರು.

ಊರಿಡೀ ನಿಧಾನವಾಗಿ ಇದೇ ನಡೆಯಿತು. ಮನೆ ಚಂದವಾದಂತೆ ಬೆಲೆ ಏರಿತು, ಬೆಲೆ ಏರಿದಂತೆ ತೆರಿಗೆ ಏರಿತು, ಬಡವರು ದೂರ ಹೋದರು. 1980ರಲ್ಲಿ ನಗರದ ಜನಸಂಖ್ಯೆಯಲ್ಲಿ ಕಪ್ಪು ಜನರು ಅರ್ಧಕ್ಕೆ ಹತ್ತಿರವಿದ್ದರು. 2020ರ ಜನಗಣತಿಯ ಹೊತ್ತಿಗೆ ಅವರ ಪಾಲು ಐದರಲ್ಲಿ ಒಂದಕ್ಕಿಂತಲೂ ಕಡಿಮೆಯಾಗಿತ್ತು. ಇಷ್ಟಾದರೂ ಅವರ ಕೈಗುರುತು ಊರಿನಿಂದ ಅಳಿದಿಲ್ಲ. ಫಿಲಿಪ್ ಸಿಮನ್ಸ್ ಎಂಬ ಕಪ್ಪು ಕಮ್ಮಾರರು 2009ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನೂರಾರು ಕಬ್ಬಿಣದ ಗೇಟು, ಕಿಟಕಿ, ಬೇಲಿಗಳನ್ನು ಈ ಊರಿಗೆ ಕೊಟ್ಟಿದ್ದರು. ಅವರ ಗೇಟು ಇರುವ ಮನೆ ಎಂದು ಇಂದು ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಇಂದಿನ ಮಾರಾಟ

ಇಲ್ಲಿ ಮನೆ ಕೊಂಡವರೂ ಇಷ್ಟಬಂದಂತೆ ಮಾಡುವಂತಿಲ್ಲ. ಕಿಟಕಿಯ ಚೌಕಟ್ಟು ಬದಲಿಸಲೂ ಮಂಡಳಿಯ ಒಪ್ಪಿಗೆ ಬೇಕು. ನೂರಾರು ಮನೆಗಳ ಮೇಲೆ ಸಂರಕ್ಷಣೆಯ ಕರಾರೂ ಇದೆ. ಒಮ್ಮೆ ಬರೆದುಕೊಟ್ಟ ಈ ಕರಾರು ಮನೆ ಯಾರ ಕೈಗೆ ಹೋದರೂ ಅದರ ಜೊತೆಯೇ ಹೋಗುತ್ತದೆ. ವಕ್ಫ್ ಎಂದರೇನೆಂದು ತಿಳಿದ ನಮ್ಮ ಓದುಗರಿಗೆ ಇದರ ಅರ್ಥ ಬೇಗ ಆಗುತ್ತದೆ. ವಕ್ಫ್ ಆದ ಆಸ್ತಿ ಮಾರಾಟದಿಂದಲೇ ಹೊರಗೆ, ಇಲ್ಲಿ ಮಾರಾಟಕ್ಕೆ ಅಡ್ಡಿಯಿಲ್ಲ, ಆದರೆ ಹಿಂದಿನವರು ಹಾಕಿದ ಷರತ್ತು ಮುಂದಿನವರನ್ನೂ ಕಟ್ಟುತ್ತದೆ.

ಸಮುದ್ರ ಮಾತ್ರ ಯಾವ ಷರತ್ತಿಗೂ ಒಪ್ಪುವುದಿಲ್ಲ. 1989ರ ಸೆಪ್ಟೆಂಬರಿನಲ್ಲಿ ಹ್ಯೂಗೋ ಚಂಡಮಾರುತ ಇಲ್ಲಿಗೆ ಅಪ್ಪಳಿಸಿತು. ಕಳೆದ ನೂರು ವರ್ಷಗಳಲ್ಲಿ ಇಲ್ಲಿನ ಸಮುದ್ರಮಟ್ಟ ಒಂದು ಅಡಿಗೂ ಹೆಚ್ಚು ಏರಿದೆ. ಮಳೆಯಿಲ್ಲದ ದಿನವೂ ದೊಡ್ಡ ಉಬ್ಬರ ಬಂದರೆ ಬೀದಿಗೆ ನೀರು ನುಗ್ಗುತ್ತದೆ. 2017ರ ಇರ್ಮಾ ಚಂಡಮಾರುತದ ನಂತರ ಕೆಲವರು ಇಡೀ ಹಳೆಯ ಮನೆಯನ್ನೇ ಜಾಕಿಯಿಂದ ಮೇಲೆತ್ತಿ ಹೊಸ ಅಡಿಪಾಯದ ಮೇಲೆ ಕೂರಿಸಿದ್ದಾರೆ. ಉಬ್ಬರದ ನೀರನ್ನು ಪಳಗಿಸಿ ಬಂದ ಸಂಪತ್ತಿನ ಮನೆಗಳಿಗೆ ಈಗ ಅದೇ ಉಬ್ಬರದ ಭಯ.

ಹಿತ್ತಲಿನ ಚರಿತ್ರೆಯೂ ನಿಧಾನವಾಗಿ ಮುಂಬಾಗಿಲಿಗೆ ಬರುತ್ತಿದೆ. ಗುಲಾಮರ ಕೋಣೆಗಳನ್ನು ಮರೆಯಬಾರದೆಂದು ಜೋಸೆಫ್ ಮೆಗಿಲ್ ಎಂಬವರು 2010ರಿಂದ ಅಂಥ ಕಟ್ಟಡಗಳಲ್ಲಿ ರಾತ್ರಿ ಮಲಗುವ ಕಾರ್ಯಕ್ರಮ ನಡೆಸುತ್ತ ಬಂದಿದ್ದಾರೆ. 2018ರ ಜೂನ್ 19ರಂದು ಚಾರ್ಲ್ಸ್‌ಟನ್ ನಗರ ಸಭೆ ಗುಲಾಮಗಿರಿಯಲ್ಲಿ ತನ್ನ ಪಾತ್ರಕ್ಕಾಗಿ ಕ್ಷಮೆ ಕೇಳುವ ನಿರ್ಣಯ ಮಾಡಿತು. ಪರವಾಗಿ ಬಿದ್ದ ಮತ 7, ವಿರುದ್ಧ 5. ಗ್ಯಾಡ್ಸ್‌ಡೆನ್ ಕಟ್ಟೆ ಇದ್ದ ಜಾಗದಲ್ಲೇ 2023ರ ಜೂನಿನಲ್ಲಿ ಆಫ್ರಿಕನ್ ಅಮೆರಿಕನ್ನರ ಚರಿತ್ರೆಯ ವಸ್ತುಸಂಗ್ರಹಾಲಯ ತೆರೆಯಿತು. ಕಂಬಗಳ ಮೇಲೆ ಎತ್ತಿ ಕಟ್ಟಿದ ಆ ಕಟ್ಟಡದ ಕೆಳಗಿನ ನೆಲವನ್ನು ಸ್ಮಾರಕವಾಗಿ ಬಿಟ್ಟಿದ್ದಾರೆ.

ಯಾರದು ಮನೆ?

ವಿದ್ಯಾರ್ಥಿ ಮಿತ್ರರೇ, ಉಮರ್ ಇಬ್ನ್ ಸಈದ್ ತಮ್ಮ ಆತ್ಮಕಥೆಯನ್ನು ತಮ್ಮ ಹುಟ್ಟಿನಿಂದ ಆರಂಭಿಸಲಿಲ್ಲ. ಮೊದಲ ಪುಟಗಳಲ್ಲಿ ನೆನಪಿನಿಂದ ಬರೆದದ್ದು ಕುರ್‌ಆನಿನ ‘ಅಲ್-ಮುಲ್ಕ್’ ಅಧ್ಯಾಯ. ಮುಲ್ಕ್ ಎಂದರೆ ಒಡೆತನ, ಅಧಿಪತ್ಯ. ಮಾಲಿಕ, ಮಿಲ್ಕಿಯತ್ ಎಂದು ನಾವು ದಿನವೂ ಆಡುವ ಮಾತುಗಳ ಬೇರು ಅದೇ. ಎಲ್ಲ ಒಡೆತನವೂ ಒಬ್ಬನದೇ ಎಂದು ಸಾರುವ ಅಧ್ಯಾಯವನ್ನು, ಇನ್ನೊಬ್ಬರ ಸೊತ್ತೆಂದು ಕಾಗದದಲ್ಲಿ ಬರೆಸಿಕೊಂಡಿದ್ದ ಮನುಷ್ಯ ಮೊದಲು ಬರೆದ. ಅವರನ್ನು ಕೊಂಡವರ ಕಣ್ಣೆದುರಿಗೇ ಬರೆದ ಆ ಮಾತು ಅವರಾರಿಗೂ ತಿಳಿಯಲಿಲ್ಲ. 1860ರ ದಶಕದಲ್ಲಿ, ಅಂತರ್ಯುದ್ಧ ಮುಗಿಯುವ ಮೊದಲೇ, ಅವರು ಗುಲಾಮರಾಗಿಯೇ ತೀರಿಕೊಂಡರು. ಮಹಲುಗಳ ಒಡೆಯರು ಎಷ್ಟೋ ಸಲ ಬದಲಾದರು, ಮುಂದೆಯೂ ಬದಲಾಗುತ್ತಾರೆ. ಉಮರರ ಬರಹ ಉಳಿದಿದೆ.

ನಮ್ಮ ಊರುಗಳಲ್ಲೂ ಹಳೆಯ ಮನೆಗಳು, ಹವೇಲಿಗಳು, ವಾಡೆಗಳು, ಮಸೀದಿ ಮದರಸಗಳು ಇವೆ. ಅವುಗಳ ಮುಂದೆ ಹಾದುಹೋಗುವಾಗ ಕಟ್ಟಿಸಿದವರ ಹೆಸರಿನ ಶಿಲೆಯನ್ನು ಓದಿರಿ. ಓದಿದ ಮೇಲೆ ಹಿತ್ತಲಿಗೂ ಹೋಗಿರಿ. ಕಲ್ಲು ಕಡಿದವರು ಯಾವ ಊರಿನವರು, ಮರಗೆಲಸ ಮಾಡಿದವರು ಯಾರು, ನೀರು ಹೊತ್ತವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿರಿ. ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಇಸವಿ ಸಹಿತ ಬರೆದಿಡಿರಿ. ಕಟ್ಟಿದ ಗೋಡೆಯನ್ನು ಉಳಿಸಲು ಹಣ ಬೇಕು, ಕಟ್ಟಿದವರ ನೆನಪನ್ನು ಉಳಿಸಲು ಅಕ್ಷರ ಸಾಕು. ಆ ಅಕ್ಷರ ಇಂದು ನಿಮ್ಮ ಕೈಯಲ್ಲಿದೆ, ಅದನ್ನು ಕಲಿಯಬಾರದೆಂದು ತಡೆಯುವ ಯಾವ ಕಾನೂನೂ ಇಲ್ಲ.